ಸೌಲಭ್ಯವೇ ಪ್ರಮಾಣವಲ್ಲ

ಗ್ರಂಥಗಳನ್ನು ಅಚ್ಚಿಗೆ ಅಣಿಗೊಳಿಸುವ ತಂತ್ರಾಂಶಗಳ ವಿಷಯದಲ್ಲಿ ನಮ್ಮ ಪ್ರಕಾಶಕರೂ ಲೇಖಕರೂ ಕಚೇರಿಗಳ ಅಧಿಕಾರಿಗಳೂ ಏಕಕಂಠದಿಂದ ಒಪ್ಪಿಕೊಂಡು, ಪುನರ್ವಿಚಾರಕ್ಕೆ ಎಡೆಯೇ ಇಲ್ಲವೆಂಬಂತೆ ಸಾರುತ್ತಿರುವ ಸಿದ್ಧಾಂತವೊಂದುಂಟು. ಯಾವ ತಂತ್ರಾಂಶವನ್ನು ಕಲಿಯುವುದಕ್ಕೆ ಅತ್ಯಲ್ಪ ಕಾಲ ಸಾಕೋ ಅದೇ ಉತ್ತಮವಾದುದು. ಪರದೆಯ ಮೇಲೆ ಕಂಡದ್ದು ಕಾಗದದ ಮೇಲೆ ಮೂಡಿತೆಂದರೆ ಅಕ್ಷರಜೋಡಣೆಯ ಕಾರ್ಯ ಸಮಾಪ್ತವಾಯಿತು. ಅದಕ್ಕೂ ಮೀರಿದ ಹಿಡಿತವನ್ನು ಬಯಸುವುದು ಪರಿಣತರ ಚಪಲವೇ ಹೊರತು ಓದುಗರಿಗೆ ಅದರಿಂದಾಗುವ ಪ್ರಯೋಜನವೇನೂ ಇಲ್ಲ: ಇವು ಆ ಸಿದ್ಧಾಂತದ ಮೂರು ಅಂಗಗಳು. ಈ ಮೂರೂ ವಿಚಾರದ ಮುಂದೆ ನಿಲ್ಲತಕ್ಕವಲ್ಲವೆಂದೂ, ಇವುಗಳನ್ನು ನಂಬಿ ಕನ್ನಡದ ಗ್ರಂಥಪ್ರಪಂಚವು ಈಗಾಗಲೇ ಬಹಳ ಕಳೆದುಕೊಂಡಿದೆಯೆಂದೂ ತೋರಿಸಿಕೊಡುವುದು ಈ ಲೇಖನದ ಉದ್ದೇಶ.

ಖಂಡನೆಗೆ ಮುನ್ನ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸುವುದು ನ್ಯಾಯ. ಕನ್ನಡದ ಪುಸ್ತಕೋದ್ಯಮವು ಶ್ರೀಮಂತವಾದುದಲ್ಲ. ಸಾವಿರ ಪ್ರತಿಗಳ ಮುದ್ರಣವೇ ವಾಡಿಕೆಯಾಗಿರುವಲ್ಲಿ ಒಂದೊಂದು ಪುಟದ ವೆಚ್ಚವನ್ನೂ ಪ್ರಕಾಶಕನು ಎಣಿಸಬೇಕಾಗುತ್ತದೆ. ಡಿಟಿಪಿ ಮಾಡುವವರಿಗೆ ಕೂಲಿ ದೊರೆಯುವುದು ಪುಟದ ಲೆಕ್ಕದಲ್ಲಿ. ನಿಧಾನವೆಂದರೆ ಅವರ ಪಾಲಿಗೆ ನಷ್ಟವೇ ಸರಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದಿರದಿದ್ದರೆ, ಗಣಕಯಂತ್ರದ ಮುಂದೆ ಕುಳಿತು ತಮ್ಮ ಭಾಷೆಯಲ್ಲಿ ಒಂದು ಪತ್ರವನ್ನಾದರೂ ಬರೆಯುವ ಧೈರ್ಯ ಸಾವಿರಾರು ಜನಕ್ಕೆ ಬರುತ್ತಲೇ ಇರಲಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆಯ ತತ್ತ್ವವು ಕನ್ನಡದ ಬೆರಳಚ್ಚನ್ನು ಎಷ್ಟು ಸುಗಮಗೊಳಿಸಿತೆಂಬುದನ್ನು ಇಂದು ಕನ್ನಡ ಟೈಪು ಮಾಡುವ ಪ್ರತಿಯೊಬ್ಬರೂ ಅನುಭವದಿಂದ ಬಲ್ಲರು. ಸೌಲಭ್ಯವು ಜನತೆಗೆ ಬಾಗಿಲು ತೆರೆಯಿತೆಂಬುದು ನಿಜ. ಆ ಋಣವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಬಾಗಿಲು ತೆರೆಯುವ ಗುಣವೇ ಒಳಗಿನ ಸಮಸ್ತಕ್ಕೂ ಪ್ರಮಾಣವೆಂದು ಹೇಳುವಾಗ, ಋಣಸ್ಮರಣೆಯನ್ನು ದಾಟಿ ವಿಚಾರಶೂನ್ಯತೆಯನ್ನು ಪ್ರವೇಶಿಸಿದಂತಾಗುತ್ತದೆ.

ಮೈಸೂರಿನ ನಜರ್‌ಬಾದ್ ಎಂಬ ಬಡಾವಣೆಯ ಹೆಸರನ್ನೇ ಪರೀಕ್ಷೆಗೆ ತೆಗೆದುಕೊಳ್ಳೋಣ. ಈ ಹೆಸರನ್ನು ಬರೆಯುವಾಗ ರಕಾರಕ್ಕೆ ಹಲಂತಚಿಹ್ನೆಯನ್ನಿತ್ತು, ಬಕಾರವನ್ನು ಅದರ ಪಕ್ಕದಲ್ಲಿ ಪೂರ್ಣಾಕ್ಷರವಾಗಿ ನಿಲ್ಲಿಸುವುದು ರೂಢಿ. ಯೂನಿಕೋಡಿನಲ್ಲಿ ರಕಾರ, ಹಲಂತ, ಬಕಾರ ಎಂಬ ಮೂರನ್ನು ಅನುಕ್ರಮವಾಗಿ ಒತ್ತಿದರೆ, ಯಂತ್ರವು ಲಿಪಿಯ ಸಾಮಾನ್ಯ ನಿಯಮವನ್ನನುಸರಿಸಿ ಅರ್ಕಾವೊತ್ತನ್ನು ರಚಿಸಿ ‘ನಜರ್ಬಾದ್’ ಎಂದು ತೋರಿಸುತ್ತದೆ. ಇದರಲ್ಲಿ ಯಂತ್ರದ ತಪ್ಪಿಲ್ಲ. ‘ಧರ್ಮ’, ‘ಸೂರ್ಯ’ ಎಂಬ ಪದಗಳಲ್ಲಿ ನಾವು ಬಯಸುವುದು ಅದನ್ನೇ. ಎರಡಕ್ಷರಗಳನ್ನು ಕೂಡಿಸಬೇಡವೆಂದು ಯಂತ್ರಕ್ಕೆ ಆಜ್ಞಾಪಿಸಬೇಕಾದರೆ ಅವುಗಳ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಅಗಲವೂ ಇಲ್ಲದ ರೂಪವೂ ಇಲ್ಲದ ಸಂಕೇತವೊಂದನ್ನು ಇಡಬೇಕು. ‘ನಜರ್‌ಬಾದ್‌ನಲ್ಲಿ’ ಎಂದು ವಿಭಕ್ತಿಪ್ರತ್ಯಯವನ್ನು ಹಚ್ಚುವಾಗ ಅದೇ ಸಂಕೇತವು ಇನ್ನೊಂದು ಸಲ ಬೇಕು. ‘ರ‍್ಯಾಂಕು’ ಎಂಬಲ್ಲಿ ರಕಾರವನ್ನು ಮೇಲುಳಿಸಿ ಯಕಾರವನ್ನು ಒತ್ತಾಗಿಸಬೇಕಾದರೆ, ಕೂಡಿಸೆಂದು ಹೇಳುವ ಬೇರೊಂದು ಅದೃಶ್ಯ ಸಂಕೇತವನ್ನು ರಕಾರಕ್ಕೂ ಹಲಂತಕ್ಕೂ ಮಧ್ಯೆ ಇಡಬೇಕು.

ಈಗ ಸಿದ್ಧಾಂತದ ಎರಡನೆಯ ಅಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಂಡದ್ದೇ ಅಚ್ಚಾಗುವುದರಿಂದ ಕಾಣುವುದನ್ನು ಗಮನಿಸಿದರೆ ಸಾಕೆನ್ನುತ್ತಾರೆ. ಆದರೆ ಈ ಹೆಸರಿನ ರೂಪವನ್ನು ನಿರ್ಣಯಿಸುವ ವಸ್ತು ಕಣ್ಣಿಗೆ ಕಾಣುವುದೇ ಇಲ್ಲ! ಒಂದು ಕಡತದಿಂದ ಇನ್ನೊಂದಕ್ಕೆ ಪಠ್ಯವನ್ನು ಸಾಗಿಸುವಾಗ ಆ ಸಂಕೇತವು ಉದುರಿಹೋದರೆ ಹೆಸರು ಬದಲಾಗುತ್ತದೆ. ಉದುರಿದುದು ಯಾರಿಗೂ ತಿಳಿಯುವುದಿಲ್ಲ. ಒಂದು ದಾಖಲೆಯಲ್ಲಿ ಸಂಕೇತಸಹಿತವಾಗಿಯೂ ಇನ್ನೊಂದರಲ್ಲಿ ಸಂಕೇತರಹಿತವಾಗಿಯೂ ಇರುವ ಒಂದೇ ಹೆಸರನ್ನು ಅನೇಕ ತಂತ್ರಾಂಶಗಳು ಎರಡು ಬೇರೆ ಹೆಸರುಗಳೆಂದೇ ಎಣಿಸುವುದರಿಂದ, ಹುಡುಕುವವನಿಗೆ ಒಂದು ಸಿಕ್ಕಿ ಮತ್ತೊಂದು ತಪ್ಪಿಹೋಗುತ್ತದೆ. ಆಸ್ತಿಯ ಪತ್ರಗಳಲ್ಲಿಯೂ ವಾರಸುದಾರರ ಹೆಸರುಗಳಲ್ಲಿಯೂ ಇಂಥ ವ್ಯತ್ಯಾಸವೊಂದು ನುಸುಳಿದರೆ ಅದರ ಫಲವನ್ನು ಅನುಭವಿಸಬೇಕಾದವನು ಟೈಪು ಮಾಡಿದವನಲ್ಲ, ಪತ್ರವನ್ನು ಕೈಯಲ್ಲಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಬಡ ರೈತ. ಪರದೆಯು ತೋರಿಸುವುದು ಫಲಿತಾಂಶವನ್ನು ಮಾತ್ರ. ಕಾರಣವನ್ನು ಅದು ತೋರಿಸದು. ಕಾರಣವನ್ನು ಅರಿಯದವನ ಕೈಯಲ್ಲಿರುವುದು ಹಿಡಿತವಲ್ಲ, ಹಿಡಿತದ ಭ್ರಾಂತಿ.

ಹಿಂದಿನ ಮೊಳೆಯಚ್ಚಿನ ಕಾಲದಲ್ಲಿ ಪರಿಸ್ಥಿತಿ ಹೀಗಿರಲಿಲ್ಲವೆಂಬುದನ್ನು ಮೈಸೂರಿನವರು ಮರೆಯಬಾರದು. ವೆಸ್ಲಿಯನ್ ಮಿಷನ್ನಿನವರು 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದ ಊರು ಇದು; ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಪ್ರಕಟಿಸಿದ ಊರು ಇದು. ಡಿ. ಎಲ್. ನರಸಿಂಹಾಚಾರ್ಯರು ‘ವಡ್ಡಾರಾಧನೆ’ಯನ್ನು ಸಂಪಾದಿಸಿ 1949ರಲ್ಲಿ ಹೊರತಂದಾಗ, ಹಳಗನ್ನಡದ ಱಕಾರ ೞಕಾರಗಳೂ ಪಾಠಾಂತರಗಳೂ ಮೂಲದೊಡನೆ ಹೊಂದಿಕೊಂಡು ಪುಟದ ಮೇಲೆ ನಿಲ್ಲಬೇಕಾಗಿದ್ದಿತು. ಮೊಳೆ ಜೋಡಿಸುವವನು ಕೇಸಿನ ಮುಂದೆ ನಿಂತು, ಒಂದೊಂದು ಅಕ್ಷರವನ್ನೂ ಕೈಯಿಂದಲೇ ಆಯ್ದು, ಪದಗಳ ನಡುವೆ ಎಷ್ಟು ತೆರಪು, ಸಾಲುಗಳ ನಡುವೆ ಎಷ್ಟು ಸೀಸದ ಪಟ್ಟಿ ಎಂಬುದನ್ನು ತಾನೇ ನಿಶ್ಚಯಿಸುತ್ತಿದ್ದನು. ಅವನ ಕೆಲಸ ಕಠಿನವಾಗಿತ್ತು, ಮೈಮುರಿಯುವಂತಿತ್ತು, ಸೀಸದಿಂದ ಆರೋಗ್ಯಕ್ಕೆ ಹಾನಿಯೂ ಇತ್ತು. ಆ ಕಾಲ ಮರಳಲೆಂದು ವಿವೇಕಿಯಾದ ಯಾವನೂ ಹಾರೈಸನು. ಆದರೆ ಪುಟದ ಪ್ರತಿಯೊಂದು ಅಂಶಕ್ಕೂ ಹೊಣೆಗಾರನಾದ ಒಬ್ಬ ಮನುಷ್ಯನು ಅಲ್ಲಿ ಇದ್ದನು. ಶ್ರಮವನ್ನು ತೊಡೆಯಬೇಕಾದ ಯಂತ್ರವು ಶ್ರಮದೊಡನೆ ಆ ಹೊಣೆಯನ್ನೂ ತೊಡೆದುಹಾಕಿದುದೇ ನಮ್ಮ ಕಾಲದ ದುರದೃಷ್ಟ.

ಅದು ಹೇಗಾಯಿತೆಂಬುದನ್ನು ಕೊಂಚ ವಿವರವಾಗಿ ನೋಡುವುದು ಆವಶ್ಯಕ. 1985ರಲ್ಲಿ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ಬಂದಿತು. ಪುಟವನ್ನು ಪರದೆಯ ಮೇಲೆಯೇ ಕಟ್ಟುವ ಸೌಕರ್ಯವನ್ನು ಅದು ಸಾಮಾನ್ಯರ ಕೈಗೆ ತಂದಿತು. ಅದು ರೂಪುಗೊಂಡದ್ದು ರೋಮನ್ ಲಿಪಿಗಾಗಿ. ಕನ್ನಡವನ್ನು ಅದರೊಳಗೆ ತೂರಿಸುವುದಕ್ಕಾಗಿ, ಅಕ್ಷರಶೈಲಿಯೊಂದಕ್ಕೆ ಲಭ್ಯವಿದ್ದ 256 ಸ್ಥಾನಗಳಲ್ಲಿ ಕನ್ನಡದ ವರ್ಣಗಳನ್ನಲ್ಲ, ತಲಕಟ್ಟು, ಗುಡಿಸು, ಕೊಂಬು, ಒತ್ತುಗಳೆಂಬ ಆಕಾರಖಂಡಗಳನ್ನು ಹಂಚಿಟ್ಟರು. ಕನ್ನಡ ತಂತ್ರಾಂಶಗಳಲ್ಲಿ ಶ್ರೀಲಿಪಿಯ ಹಂಚಿಕೆ ಒಂದು, ಪ್ರಕಾಶಕ್‌ನದು ಮತ್ತೊಂದು, ಬರಹ, ನುಡಿಗಳದು ಬೇರೆಯೇ. ಕಣ್ಣಿಗೆ ಕನ್ನಡ, ಯಂತ್ರದ ಗರ್ಭದಲ್ಲಿ ಮಾತ್ರ ಲ್ಯಾಟಿನ್ ಅಕ್ಷರಗಳ ಅರ್ಥಹೀನ ಗೋಜಲು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದ ಕ್ಷಣವೇ ವೇಷ ಕಳಚಿ ಗೋಜಲು ಬಯಲಾಗುತ್ತದೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಕ್ಷೇತ್ರವು ದೊರೆತಿದ್ದರೂ, ಅದನ್ನರಿಯದ ಪೇಜ್‌ಮೇಕರಿನ ಬೆಳವಣಿಗೆ 2001ರ ಏಳನೆಯ ಆವೃತ್ತಿಯೊಡನೆ ನಿಂತೇ ಹೋದರೂ, ‘ಅಭ್ಯಾಸವಾಗಿದೆ, ಸುಲಭವಾಗಿದೆ’ ಎಂಬ ಒಂದೇ ಕಾರಣದಿಂದ ಕನ್ನಡದ ಮುದ್ರಣವು ಅದಕ್ಕೆ ವರ್ಷಾನುವರ್ಷ ಅಂಟಿಕೊಂಡಿತು.

ಇದರ ಬೆಲೆಯನ್ನು ತೆತ್ತವರು ಯಾರು? ಎರಡನೆಯ ಮುದ್ರಣಕ್ಕೆ ಹೊರಟ ಲೇಖಕನು ತನ್ನ ಗ್ರಂಥವನ್ನು ಮತ್ತೆ ಮೊದಲಿನಿಂದ ಟೈಪು ಮಾಡಿಸಬೇಕಾಯಿತು. ಇಲ್ಲವೆ ಪರಿವರ್ತಕ ತಂತ್ರಾಂಶದ ಮೊರೆಹೊಕ್ಕು, ಅದು ನುಂಗಿದ ಒತ್ತುಗಳನ್ನೂ ಅದೃಶ್ಯ ಸಂಕೇತಗಳನ್ನೂ ಪುಟಪುಟಕ್ಕೆ ಹುಡುಕಿ ತುಂಬಬೇಕಾಯಿತು. ಸಂಶೋಧಕನು ಪದವೊಂದರ ಪ್ರಯೋಗವನ್ನು ಹುಡುಕಹೊರಟರೆ ಇಡೀ ಗ್ರಂಥದಲ್ಲಿ ಆ ಪದವೇ ಇಲ್ಲವೆಂದು ಯಂತ್ರವು ಉತ್ತರವಿತ್ತಿತು. ಧ್ವನಿಯ ನೆರವಿನಿಂದ ಓದಬೇಕಾದ ಅಂಧ ವಿದ್ಯಾರ್ಥಿಗೆ ಆ ಕಡತಗಳು ಮೂಕವಾಗಿಯೇ ಉಳಿದವು. ಇಂಥ ಸಾಗಾಟಕ್ಕೆ ಮೈಸೂರಿನ ಚರಿತ್ರೆಯಲ್ಲಿಯೇ ಒಂದು ಹೋಲಿಕೆಯುಂಟು. ಟಿಪ್ಪುಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡಹಿಸಿ, ಅದರ ಕಲ್ಲುಗಳನ್ನು ಸಾಗಿಸಿ ನಜರ್‌ಬಾದಿನ ಹೊಸಕೋಟೆಯನ್ನು ಎಬ್ಬಿಸತೊಡಗಿದನು. 1799ರಲ್ಲಿ ಅವನು ಮಡಿದಮೇಲೆ ಅವೇ ಕಲ್ಲುಗಳನ್ನು ಮರಳಿ ಹೊತ್ತು ಹಳೆಯ ನೆಲೆಗೆ ಸಾಗಿಸಿದರೆಂಬುದನ್ನು ಮರುವರ್ಷವೇ ಇಲ್ಲಿಗೆ ಬಂದಿದ್ದ ಸಮೀಕ್ಷಕ ಬುಕಾನನ್ ದಾಖಲಿಸಿದ್ದಾನೆ. ಒಂದು ಸಂಕೇತಕ್ರಮದಿಂದ ಇನ್ನೊಂದಕ್ಕೂ ಅಲ್ಲಿಂದ ಮತ್ತೊಂದಕ್ಕೂ ಕನ್ನಡದ ಗ್ರಂಥಗಳನ್ನು ಹೊರುತ್ತಿರುವ ನಮ್ಮ ಕಾರ್ಯವು ಅದಕ್ಕಿಂತ ಭಿನ್ನವಲ್ಲ. ಪ್ರತಿಯೊಂದು ಸಾಗಾಟದಲ್ಲಿಯೂ ಒಂದಷ್ಟು ಒಡೆದುಹೋಗುತ್ತದೆ.

ಇನ್ನು ಹಿಡಿತವೆಂದರೇನೆಂಬುದನ್ನು ತಿಳಿಯೋಣ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು 1977ರಲ್ಲಿ ತಮ್ಮ ಮಹಾಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿದರು. ಮೊದಲ ಆವೃತ್ತಿಯು ಮೊಳೆಯಚ್ಚಿನ ಸೊಬಗಿನಿಂದ ಕೂಡಿದ್ದಿತು. ಫೋಟೋ ಅಕ್ಷರಜೋಡಣೆಯ ಹೊಸ ಕರಡು ಅವರ ಮನಸ್ಸಿಗೆ ಒಪ್ಪಲಿಲ್ಲ. ‘ಓದುಗರಿಗೆ ತಿಳಿಯದು’ ಎಂದು ಅವರು ಸಮಾಧಾನ ತಂದುಕೊಳ್ಳಲಿಲ್ಲ. ತಮ್ಮ ಮುಖ್ಯ ಕಾರ್ಯವನ್ನು ಬದಿಗಿರಿಸಿ, ‘ಟೆಕ್’ ಎಂಬ ಅಕ್ಷರಜೋಡಣೆಯ ವ್ಯವಸ್ಥೆಯನ್ನು ತಾವೇ ನಿರ್ಮಿಸಲು ತೊಡಗಿ, ಸುಮಾರು ಒಂದು ದಶಕವನ್ನು ಅದಕ್ಕೆ ವ್ಯಯಿಸಿ, ಅದನ್ನು ಲೋಕಕ್ಕೆ ಉಚಿತವಾಗಿ ಒಪ್ಪಿಸಿದರು. ಅದರಲ್ಲಿ ಲೇಖಕನು ‘ಇದು ಅಧ್ಯಾಯದ ಶೀರ್ಷಿಕೆ, ಇದು ಪದ್ಯ, ಇದು ಅಡಿಟಿಪ್ಪಣಿ’ ಎಂದು ಪಠ್ಯದ ಸ್ವರೂಪವನ್ನು ಅಕ್ಷರಗಳಲ್ಲಿಯೇ ಬರೆದಿಡುತ್ತಾನೆ. ಶೀರ್ಷಿಕೆ ಹೇಗೆ ಕಾಣಬೇಕು, ಪದ್ಯಕ್ಕೆ ಎಷ್ಟು ಅಂಚು ಬಿಡಬೇಕೆಂಬುದನ್ನು ಒಂದೇ ಕಡೆ ವಿಧಿಸುತ್ತಾನೆ. ಹೀಗೆ ವಿಧಿಸಿದುದು ಬರವಣಿಗೆಯಲ್ಲಿ ಉಳಿಯುವುದರಿಂದ, ಇನ್ನೊಬ್ಬನು ಅದನ್ನು ಓದಬಲ್ಲನು, ಪ್ರಶ್ನಿಸಬಲ್ಲನು, ತಿದ್ದಬಲ್ಲನು. ಹಿಡಿತವೆಂದರೆ ಇದೇ: ನಿರ್ಣಯವು ಬರಹದಲ್ಲಿರುವುದು, ಅದಕ್ಕೆ ಒಬ್ಬನು ಹೊಣೆಯಾಗಿರುವುದು.

ಸಾಲುಗಳನ್ನು ಮುರಿಯುವ ಕಾರ್ಯದಲ್ಲಿ ಈ ಭೇದವು ಎದ್ದು ಕಾಣುತ್ತದೆ. ಸಾಮಾನ್ಯ ತಂತ್ರಾಂಶವು ಒಂದು ಸಾಲು ತುಂಬಿದೊಡನೆ ಅದನ್ನು ಮುರಿದು ಮುಂದೆ ಹೋಗುತ್ತದೆ. ಕ್ನೂತ್ ಮತ್ತು ಮೈಕೇಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಕ್ರಮವಾದರೋ ಇಡೀ ವಾಕ್ಯವೃಂದವನ್ನು ಒಟ್ಟಾಗಿ ನೋಡಿ, ಎಲ್ಲಿ ಮುರಿದರೆ ಒಟ್ಟಿನ ತೆರಪು ಸಮನಾಗುವುದೆಂದು ಗಣಿಸುತ್ತದೆ. ಪ್ರತ್ಯಯಗಳ ಮೇಲೆ ಪ್ರತ್ಯಯಗಳು ಸೇರಿ ‘ಹೋಗಬೇಕಾಗಿರುವುದರಿಂದ’ ಎಂಬಂಥ ದೀರ್ಘಪದಗಳು ಸಹಜವಾಗಿಯೇ ಹುಟ್ಟುವ ಕನ್ನಡಕ್ಕೆ ಇದಕ್ಕಿಂತ ಉಪಕಾರಕವಾದುದು ಬೇರೆ ಯಾವುದು? ಪದವನ್ನು ಅಕ್ಷರಗಳ ಎಲ್ಲೆಯಲ್ಲಿ ಒಡೆಯುವ ನಿಯಮವನ್ನು ತಂತ್ರಾಂಶಕ್ಕೆ ತಿಳಿಸದೆ, ಎರಡೂ ಅಂಚುಗಳನ್ನು ಸಮಗೊಳಿಸೆಂದು ಮಾತ್ರ ಹೇಳಿದಾಗ, ಮೂರೇ ಪದಗಳು ಒಂದು ಸಾಲಿನಲ್ಲಿ ದೂರದೂರ ನಿಂತು ನಡುವೆ ಬಿಳಿಯ ಬಯಲು ಬೀಳುವುದನ್ನು ನಮ್ಮ ಪುಸ್ತಕಗಳಲ್ಲಿ ದಿನವೂ ಕಾಣುತ್ತೇವೆ. ‘ರಾಷ್ಟ್ರ’, ‘ಶಾಸ್ತ್ರ’ಗಳ ಇಮ್ಮಡಿ ಒತ್ತು ಕೆಳಸಾಲಿನ ಗುಡಿಸಿಗೆ ತಗಲುವುದನ್ನೂ ಕಾಣುತ್ತೇವೆ. ನಗರದ ಫ್ಲೆಕ್ಸ್ ಫಲಕಗಳಲ್ಲಿಯಂತೂ ಒತ್ತಕ್ಷರವು ತನ್ನ ಸ್ಥಾನದಿಂದ ಕಳಚಿ ಹಲಂತವಾಗಿ ಪಕ್ಕಕ್ಕೆ ಬಿದ್ದಿರುತ್ತದೆ. ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ಆಯ್ಕೆ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನಿನಲ್ಲಿ 2012ರಿಂದಲೂ ಇದೆ. ಆ ಆಯ್ಕೆಯನ್ನು ಮಾಡಿಕೊಳ್ಳಬೇಕೆಂಬ ಅರಿವಿಲ್ಲ, ಅಷ್ಟೆ.

ಈ ಕೊನೆಯ ಸಂಗತಿಯು ಬಹು ಮುಖ್ಯವಾದುದು. ತಪ್ಪೆಲ್ಲ ಸುಲಭ ತಂತ್ರಾಂಶಗಳದೇ ಎಂದು ನಾನು ಹೇಳುತ್ತಿಲ್ಲ. ಎಂ.ಎಸ್. ವರ್ಡ್‌ನಲ್ಲಿಯೂ ಶೀರ್ಷಿಕೆಗೊಂದು, ಉದ್ಧರಣೆಗೊಂದು ‘ಸ್ಟೈಲ್’ ನಿಗದಿಪಡಿಸಿ ಇಡೀ ಗ್ರಂಥವನ್ನು ಒಂದೇ ಕಡೆಯಿಂದ ಆಳುವ ಉಪಾಯವುಂಟು. ಆದರೆ ‘ಬೋಲ್ಡ್’ ಗುಂಡಿಯನ್ನು ಒತ್ತುವುದು ಅದಕ್ಕಿಂತ ಸುಲಭವಾದುದರಿಂದ, ಮುನ್ನೂರು ಪುಟಗಳ ಗ್ರಂಥದ ಪ್ರತಿಯೊಂದು ಶೀರ್ಷಿಕೆಯನ್ನೂ ಕೈಯಿಂದಲೇ ದಪ್ಪಗೊಳಿಸಿ, ಪ್ರಕಾಶಕನು ಅಳತೆಯನ್ನು ಬದಲಿಸೆಂದಾಗ ಮತ್ತೆ ಅಷ್ಟನ್ನೂ ಒಂದೊಂದಾಗಿ ತಿದ್ದುತ್ತಾರೆ. ಹಿಡಿತದ ಸಾಧನವು ಎದುರಿಗೇ ಇದ್ದರೂ ಅದನ್ನು ಮುಟ್ಟಗೊಡದಿರುವುದು ಸೌಲಭ್ಯವೇ ಪ್ರಮಾಣವೆಂಬ ನಂಬಿಕೆ. ಆದಕಾರಣ ನಾನು ಖಂಡಿಸುತ್ತಿರುವುದು ಯಾವ ಒಂದು ತಂತ್ರಾಂಶವನ್ನೂ ಅಲ್ಲ, ಆ ನಂಬಿಕೆಯನ್ನು.

‘ಟೆಕ್ ಕಲಿಯುವುದು ಕಷ್ಟ, ಅದರ ದೋಷಸೂಚನೆಗಳು ಇಂಗ್ಲಿಷಿನಲ್ಲಿವೆ, ನಮ್ಮ ಡಿಟಿಪಿಯ ಹುಡುಗರಿಗೆ ಅದು ಎಟುಕದು’ ಎಂಬುದು ಮುಂದಿನ ಆಕ್ಷೇಪ. ಕಷ್ಟವೆಂಬುದನ್ನು ಒಪ್ಪುತ್ತೇನೆ, ಕಷ್ಟವೇ ಒಂದು ಸದ್ಗುಣವೆಂದು ನಾನು ಭಾವಿಸಿಲ್ಲ. ಆದರೆ ಆ ಕಷ್ಟ ಒಂದು ಸಲದ್ದು. ಸುಲಭಮಾರ್ಗದ ಕಷ್ಟವಾದರೋ ಪ್ರತಿಯೊಂದು ಗ್ರಂಥದಲ್ಲಿಯೂ, ಪ್ರತಿಯೊಂದು ಮುದ್ರಣದಲ್ಲಿಯೂ ಹೊಸದಾಗಿ ಹುಟ್ಟತಕ್ಕದ್ದು. ಹಿಡಿತವನ್ನು ಒಮ್ಮೆ ಬರೆದಿಟ್ಟರೆ ಅದೇ ಮುಂದಿನ ನೂರು ಗ್ರಂಥಗಳಿಗೆ ಸೌಲಭ್ಯವಾಗಿ ಪರಿಣಮಿಸುತ್ತದೆ. ಹಿಡಿತವಿಲ್ಲದ ಸೌಲಭ್ಯವು ಮಾತ್ರ ಎಂದಿಗೂ ಹಿಡಿತವಾಗಿ ಬೆಳೆಯದು. ಇದು ಕನ್ನಡಕ್ಕೆ ಅಸಾಧ್ಯವೆನ್ನುವವರಿಗೆ ದೃಷ್ಟಾಂತವು ದೂರದಲ್ಲಿಲ್ಲ. ಯೂನಿಕೋಡ್ ಪಠ್ಯವನ್ನು ನೇರವಾಗಿ ಸ್ವೀಕರಿಸುವ ‘ಝೀಟೆಕ್’ 2004ರಲ್ಲಿಯೇ ಬಂದಿದೆ. ಕನ್ನಡ ಪದಗಳನ್ನು ಒಡೆಯುವ ನಿಯಮಾವಳಿಯನ್ನು ಕೇರಳದ ಸಂತೋಷ್ ತೋಟ್ಟಿಂಗಲ್ ಅವರು ಸಿದ್ಧಪಡಿಸಿಕೊಟ್ಟಿದ್ದಾರೆ. ನಜರ್‌ಬಾದಿನಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ಶ್ರೀರಂಗಪಟ್ಟಣದಲ್ಲಿ ಶ್ರೀರಂಗ ಡಿಜಿಟಲ್ ಸಂಸ್ಥೆಯವರು ಟೆಕ್ ಅನ್ನು ಅವಲಂಬಿಸಿ ಗ್ರಂಥಗಳನ್ನು ಅಚ್ಚಿಗೆ ಸಿದ್ಧಪಡಿಸುತ್ತ ಬಂದಿದ್ದಾರೆ. ಆ ಹುಡುಗರಿಗೆ ಎಟುಕದೆನ್ನುವುದು ಅವರ ಮೇಲಿನ ಕರುಣೆಯಂತೆ ತೋರಿದರೂ ವಾಸ್ತವದಲ್ಲಿ ಅವಮಾನ. ಅವರಿಗೆ ಕಲಿಯುವ ಶಕ್ತಿಯಿಲ್ಲದಿಲ್ಲ. ಕಲಿಕೆಗೆ ಕೂಲಿ ಕೊಡುವ ಮನಸ್ಸು ನಮಗಿಲ್ಲ.

‘ಓದುಗರಿಗೆ ತಿಳಿಯದು’ ಎಂಬ ಮೂರನೆಯ ಅಂಗವಂತೂ ನೀತಿದೃಷ್ಟಿಯಿಂದಲೇ ತ್ಯಾಜ್ಯವಾದುದು. ತೆರಪು ಹಾಳಾದ ಪುಟವನ್ನು ಓದುವವನು ಕಾರಣವನ್ನು ಹೆಸರಿಸಲಾರನೆಂಬುದು ನಿಜ. ಆದರೆ ಅವನ ಕಣ್ಣು ದಣಿಯುತ್ತದೆ, ಗ್ರಂಥವು ಅರ್ಧದಲ್ಲೇ ಮುಚ್ಚಲ್ಪಡುತ್ತದೆ, ದೋಷವು ಲೇಖಕನ ಶೈಲಿಗೆ ಅಂಟುತ್ತದೆ. ಒಬ್ಬನು ಒಮ್ಮೆ ಮಾಡುವ ಕೆಲಸವನ್ನು ಸಾವಿರ ಮಂದಿ ಓದುವಾಗ, ಆ ಒಬ್ಬನ ಶ್ರಮವನ್ನು ಉಳಿಸುವುದಕ್ಕಾಗಿ ಸಾವಿರ ಮಂದಿಯ ಮೇಲೆ ಶ್ರಮವನ್ನು ಹೊರಿಸುವುದು ಯಾವ ನ್ಯಾಯ?

ಹಿಡಿತವನ್ನು ಬಿಟ್ಟುಕೊಟ್ಟ ಜನಾಂಗಕ್ಕೆ ಏನಾಗುವುದೆಂಬುದಕ್ಕೆ ಯೂನಿಕೋಡಿನಲ್ಲಿಯೇ ಶಾಶ್ವತವಾದ ಸಾಕ್ಷ್ಯವೊಂದಿದೆ. ಪಂಪ ರನ್ನರ ಕಾವ್ಯಗಳಲ್ಲಿ ಬರುವ ೞಕಾರಕ್ಕೆ ಆ ಪ್ರಮಾಣಪಟ್ಟಿಯಲ್ಲಿ ಇಟ್ಟಿರುವ ಹೆಸರು ‘ಕನ್ನಡ ಲೆಟರ್ ಫ (FA)’. ಇದು ತಪ್ಪೆಂದು ಆ ಪಟ್ಟಿಯೇ ಟಿಪ್ಪಣಿಯಲ್ಲಿ ಒಪ್ಪಿಕೊಳ್ಳುತ್ತದೆ. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದುದರಿಂದ ತಪ್ಪು ಸ್ಥಿರವಾಗಿ ನಿಂತಿದೆ. ನಮ್ಮ ಅಕ್ಷರಗಳ ವಿಚಾರದಲ್ಲಿ ಆಗಬೇಕಾದ ನಿರ್ಣಯಗಳ ಸಮಯಕ್ಕೆ ನಾವು ಹಾಜರಿರದಿದ್ದರೆ, ನಿರ್ಣಯವು ನಿಲ್ಲದು. ಬೇರೆಯವರು ಅದನ್ನು ಮಾಡಿ ಮುಗಿಸುತ್ತಾರೆ, ಮತ್ತು ಅದರ ಕೆಳಗೆ ನಾವು ಬಾಳಬೇಕಾಗುತ್ತದೆ.

ಮಾಡಬೇಕಾದುದು ದುಸ್ಸಾಧ್ಯವಾದುದಲ್ಲ. ಪ್ರಕಾಶಕರು ಅಚ್ಚಿನ ಪಿಡಿಎಫ್ ಒಂದರಿಂದಲೇ ತೃಪ್ತರಾಗದೆ, ಪ್ರತಿಯೊಂದು ಗ್ರಂಥದ ಶುದ್ಧ ಯೂನಿಕೋಡ್ ಪಠ್ಯವನ್ನೂ ವಿನ್ಯಾಸದ ನಿಯಮಗಳನ್ನೂ ತಮ್ಮಲ್ಲಿ ಉಳಿಸಿಕೊಳ್ಳಲಿ, ಅದಕ್ಕೆ ತಕ್ಕ ಹೆಚ್ಚಿನ ಕೂಲಿಯನ್ನು ಅಕ್ಷರಜೋಡಕರಿಗೆ ತೆರಲಿ. ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಪುಸ್ತಕಗಳನ್ನು ಕೊಳ್ಳುವ ಸರ್ಕಾರವು, ಹುಡುಕುವುದಕ್ಕೂ ಅಂಧರು ಆಲಿಸುವುದಕ್ಕೂ ಯೋಗ್ಯವಾದ ಪಠ್ಯವನ್ನು ಅದರೊಡನೆ ಕೇಳಲಿ. ಕನ್ನಡ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನಶಾಸ್ತ್ರವನ್ನು ಬೋಧಿಸುವ ನಮ್ಮ ವಿಶ್ವವಿದ್ಯಾಲಯಗಳು, ಸಂಪಾದಿಸಿದ ಪಾಠವು ಪುಟದ ಮೇಲೆ ಹೇಗೆ ನಿಲ್ಲಬೇಕೆಂಬುದನ್ನೂ ಅದರ ಜೊತೆಯಲ್ಲಿ ಬೋಧಿಸಲಿ. ಲೇಖಕರು ತಮ್ಮ ಕರಡನ್ನು ತಿದ್ದುವಾಗ ಅಕ್ಷರದೋಷಗಳೊಂದಿಗೆ ಸಾಲು, ತೆರಪು, ಒತ್ತುಗಳನ್ನೂ ನೋಡಲಿ. ಸುಲಭವಾದ ಸಾಧನಗಳು ಪತ್ರಕ್ಕೂ ಅರ್ಜಿಗೂ ಇರಲಿ. ತಲೆಮಾರುಗಳವರೆಗೆ ಉಳಿಯಬೇಕಾದ ಗ್ರಂಥಕ್ಕೆ ಅವು ಒಂದೇ ಅಳತೆಗೋಲಾಗುವುದು ಬೇಡ. ಕಲಿಯುವುದಕ್ಕೆ ಸುಲಭವೋ ಎಂಬ ಪ್ರಶ್ನೆಯನ್ನು ಕೇಳುವ ಮುನ್ನ, ಇದರಿಂದ ಹೊರಬರುವ ಗ್ರಂಥವು ಐವತ್ತು ವರ್ಷಗಳ ಮೇಲೆ ಕನ್ನಡವಾಗಿಯೇ ಉಳಿದಿರುವುದೋ ಎಂಬ ಪ್ರಶ್ನೆಯನ್ನು ಕೇಳತಕ್ಕದ್ದು ಕನ್ನಡದಲ್ಲಿ ಪುಸ್ತಕ ಬರೆಯುವ, ಮುದ್ರಿಸುವ, ಕೊಳ್ಳುವ ಪ್ರತಿಯೊಬ್ಬರ ಕರ್ತವ್ಯ.